ಮಳೆಯ ಮೇಲೆ ಹೊರಿಸಿದ ಅಪವಾದ

2019ರ ಅಕ್ಟೋಬರ್ 25, ಶುಕ್ರವಾರ. ನಾನಾಗ ಎಂ.ಎ. ಮೊದಲ ವರ್ಷದಲ್ಲಿದ್ದೆ. ರಾತ್ರಿ ಹಾಸ್ಟೆಲ್ ಮೆಸ್‌ನಲ್ಲಿ ಊಟಕ್ಕೆ ಕೂತಾಗ ನನ್ನ ರೂಮ್‌ಮೇಟ್ ಫೋನಿನಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ಊರಿನ ಹವಾಮಾನ ನೋಡುತ್ತಿದ್ದ. ಅಲ್ಲಿ ಸೌತಾಂಪ್ಟನ್ ಮತ್ತು ಲೆಸ್ಟರ್ ಸಿಟಿ ತಂಡಗಳ ಪಂದ್ಯವಿತ್ತು. ನಮ್ಮ ಗಡಿಯಾರದಲ್ಲಿ ನಡುರಾತ್ರಿ ಹನ್ನೆರಡೂವರೆಗೆ ಶುರು. ಅವನ ಫ್ಯಾಂಟಸಿ ತಂಡಕ್ಕೆ ಲೆಸ್ಟರ್‌ನ ಜೇಮಿ ವಾರ್ಡಿ ನಾಯಕ. ಪರದೆಯ ಮೇಲೆ ಒಂದು ಕಪ್ಪು ಮೋಡ, ಅದರ ಕೆಳಗೆ ಮೂರು ಹನಿ. "ಮಳೆ ಕಣೋ, ಗೋಲ್ ಬರಲ್ಲ" ಎಂದವನೇ ನಾಯಕತ್ವವನ್ನು ಬೇರೊಬ್ಬನಿಗೆ ಕೊಟ್ಟ, ವಾರ್ಡಿಯನ್ನು ಬೆಂಚಿಗೆ ಕೂರಿಸಿದ, ಮಜ್ಜಿಗೆ ಕುಡಿದು ಎದ್ದು ಹೋದ.

ಮಳೆಯೇನೋ ಬಂತು. ಬಂತು ಅಂದರೆ ಸಾಲದು, ಧೋ ಎಂದು ಸುರಿಯಿತು. ಆ ಮಳೆಯಲ್ಲೇ ಲೆಸ್ಟರ್ 9–0 ಅಂತರದಲ್ಲಿ ಗೆದ್ದಿತು. ವಾರ್ಡಿ ಮೂರು ಗೋಲು, ಅಯೋಸೆ ಪೆರೆಜ್ ಮೂರು ಗೋಲು. ಇಂಗ್ಲೆಂಡಿನ ಅಗ್ರ ದರ್ಜೆಯ ಫುಟ್‌ಬಾಲಿನಲ್ಲಿ ಎದುರಾಳಿಯ ಮೈದಾನಕ್ಕೆ ಹೋಗಿ ಅದಕ್ಕಿಂತ ದೊಡ್ಡ ಅಂತರದಲ್ಲಿ ಗೆದ್ದವರು ಅದುವರೆಗೆ ಯಾರೂ ಇರಲಿಲ್ಲ.

ಬೆಳಿಗ್ಗೆ ಅವನನ್ನು ರೇಗಿಸೋಣ ಎಂದು ಕಾದಿದ್ದೆ. ಅವನು ಸ್ವಲ್ಪವೂ ಅಳುಕದೆ ಹೇಳಿದ: "ಒದ್ದೆ ಚೆಂಡು ಅಲ್ವಾ, ಕೀಪರ್ ಕೈಗೆ ನಿಲ್ಲಲ್ಲ. ಮಳೇಲಿ ಹಾಗೇ ಆಗೋದು." ಹನ್ನೆರಡು ಗಂಟೆ ಹಿಂದೆ ಗೋಲು ಬರದಿರಲು ಕಾರಣವಾಗಿದ್ದ ಮಳೆಯೇ ಈಗ ಒಂಬತ್ತು ಗೋಲು ಬರಲು ಕಾರಣವಾಗಿತ್ತು. ನನ್ನ ತಕರಾರು ಇರುವುದು ಇಲ್ಲಿಯೇ. ಏನೇ ಆದರೂ ಹೊಂದಿಕೊಳ್ಳುವ ಕಾರಣ ಕಾರಣವೇ ಅಲ್ಲ. ಸಂಶೋಧನೆಯಲ್ಲಿ ಯಾರಾದರೂ ಇಂಥ ವಾದ ಹೂಡಿದರೆ ಗೈಡ್ ಅಧ್ಯಾಯವನ್ನೇ ವಾಪಸ್ ಕೊಡುತ್ತಾರೆ. ಫ್ಯಾಂಟಸಿ ಲೋಕದಲ್ಲಿ ಮಾತ್ರ ಅದನ್ನು ಹೇಳಿದವನು ಪರಿಣಿತ ಅನ್ನಿಸಿಕೊಳ್ಳುತ್ತಾನೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಫ್ಯಾಂಟಸಿ ಪ್ರೀಮಿಯರ್ ಲೀಗಿನಲ್ಲಿ ನಿಮಗೆ ಹತ್ತು ಕೋಟಿ ಪೌಂಡಿನ ಸುಳ್ಳು ದುಡ್ಡು ಕೊಡುತ್ತಾರೆ. ಅದರಲ್ಲಿ ಹದಿನೈದು ನಿಜ ಆಟಗಾರರನ್ನು ಕೊಳ್ಳಬೇಕು, ವಾರವಾರ ಹನ್ನೊಂದು ಜನರನ್ನು ಕಣಕ್ಕಿಳಿಸಬೇಕು. ಅವರು ನಿಜವಾದ ಪಂದ್ಯದಲ್ಲಿ ಗೋಲು ಹೊಡೆದರೆ, ಗೋಲಿಗೆ ನೆರವಾದರೆ ನಿಮಗೆ ಅಂಕ. ತಂಡ ಗೋಲು ಬಿಟ್ಟುಕೊಡದಿದ್ದರೆ ರಕ್ಷಣಾ ಆಟಗಾರನಿಗೆ ನಾಲ್ಕು ಅಂಕ. ನಾಯಕನ ಅಂಕ ದುಪ್ಪಟ್ಟು. ಪುಕ್ಕಟೆ ಬದಲಾವಣೆಗಳು ಮುಗಿದ ಮೇಲೆ ಆಟಗಾರನನ್ನು ಬದಲಿಸಿದರೆ ನಾಲ್ಕು ಅಂಕ ಖೋತಾ. ದುಡ್ಡು ಕಟ್ಟಬೇಕಿಲ್ಲ. ಆದ್ದರಿಂದಲೇ ಪ್ರಪಂಚದಾದ್ಯಂತ ಕೋಟಿಗೂ ಹೆಚ್ಚು ಜನ ಇದನ್ನು ಆಡುತ್ತಾರೆ, ನಮ್ಮ ಹಾಸ್ಟೆಲುಗಳಲ್ಲೂ ಆಡುತ್ತಾರೆ. ಶನಿವಾರ ಬಂತೆಂದರೆ ಬೆಂಗಳೂರಲ್ಲಿ ಕೊಡೆ ಮರೆತು ಹೊರಗೆ ಹೋಗುವವನಿಗೂ ಮ್ಯಾಂಚೆಸ್ಟರಿನಲ್ಲಿ ಮಳೆ ಇದೆಯೇ ಎಂಬುದು ಮುಖ್ಯ ವಿಚಾರ.

ಮಳೆ ಬಂದರೆ ಏನು ಮಾಡಬೇಕು ಎಂಬ ಬಗ್ಗೆ ಇವರ ಬಳಿ ಒಂದು ಸಿದ್ಧ ಶಾಸ್ತ್ರವಿದೆ. ಸ್ಟ್ರೈಕರನ್ನು ತೆಗೆ, ಡಿಫೆಂಡರನ್ನು ಹಾಕು. ಪಾಸಿನ ತಂಡ ಬೇಡ, ಎತ್ತಿ ಹೊಡೆಯುವ ತಂಡ ಬೇಕು. ಇದನ್ನೇ ಹತ್ತು ನಿಮಿಷ ಎಳೆದು ಹೇಳುವ ವೀಡಿಯೋಗಳಿವೆ. ನಾನು ಹೇಳುವುದಿಷ್ಟೆ: ಇದು ಆಟದ ತಿಳಿವಳಿಕೆಯಲ್ಲ, ಭಯ. ಇವರು ಮಳೆಯನ್ನು ಓದುತ್ತಿಲ್ಲ, ಮಳೆಯ ಚಿತ್ರವನ್ನು ಓದುತ್ತಿದ್ದಾರೆ.

ಮೊದಲು ಆ ಚಿತ್ರವನ್ನೇ ನೋಡೋಣ. ಮೋಡದ ಪಕ್ಕ ಶೇಕಡಾ 70 ಎಂದಿದ್ದರೆ ಮಳೆ 70 ಭಾಗ ಜೋರಾಗಿ ಬರುತ್ತದೆ ಎಂದು ಅರ್ಥವಲ್ಲ. ಆ ಜಾಗದಲ್ಲಿ ಆ ಹೊತ್ತಿನಲ್ಲಿ ಅಳೆಯುವಷ್ಟು ಮಳೆ ಬೀಳುವ ಸಾಧ್ಯತೆ ಅಷ್ಟು ಎಂದು ಮಾತ್ರ ಅರ್ಥ. ಹತ್ತು ನಿಮಿಷದ ತುಂತುರಿಗೂ ಅದೇ ಅಂಕಿ, ಎರಡು ಗಂಟೆಯ ಜಡಿಮಳೆಗೂ ಅದೇ ಅಂಕಿ ಇರಬಹುದು. ನಮ್ಮ ಊರಿನ ಬೇಸಾಯಗಾರರು ಬರೀ "ಮಳೆ ಬರುತ್ತಾ?" ಎಂದು ಕೇಳಿ ಸುಮ್ಮನಾಗುವವರಲ್ಲ. ಯಾವ ಮಳೆ, ಆರಿದ್ರವೋ ಪುಷ್ಯವೋ, ಎಷ್ಟು ಹೊತ್ತು ಹಿಡಿಯಿತು, ನೆಲ ಎಷ್ಟು ಕುಡಿಯಿತು, ಯಾವ ಹೊಲಕ್ಕೆ ಒಳ್ಳೆಯದು, ಯಾವ ಗದ್ದೆಗೆ ಕೆಟ್ಟದ್ದು ಎಂದೆಲ್ಲ ಕೇಳುತ್ತಾರೆ. ಒಂದೇ ಮಳೆ ಎಲ್ಲ ನೆಲಕ್ಕೂ ಒಂದೇ ಅಲ್ಲ ಎಂಬುದು ಅವರಿಗೆ ಗೊತ್ತು. ಫುಟ್‌ಬಾಲ್ ಮೈದಾನವೂ ನೆಲವೇ ತಾನೆ?

ನಾನು ಸೋಮವಾರಪೇಟೆ ಕಡೆಯವನು. ಕಕ್ಕಡ ತಿಂಗಳ ಮಳೆಯಲ್ಲಿ ಕೊಡಗಿನ ಗದ್ದೆಗಳಲ್ಲಿ ಕೆಸರಾಟ ನಡೆಯುತ್ತದೆ. ಅಲ್ಲಿ ಫುಟ್‌ಬಾಲ್ ಆಡಿ ಬೆಳೆದವನು ನಾನು. ಗದ್ದೆಯ ನೀರಿನಲ್ಲಿ ಚೆಂಡನ್ನು ನೆಲದ ಮೇಲೆ ಉರುಳಿಸಿದರೆ ಎರಡು ಮಾರು ಹೋಗಿ ನಿಲ್ಲುತ್ತದೆ. ಎತ್ತಿಯೇ ಹೊಡೆಯಬೇಕು. ಶಾಲೆಯ ಹುಲ್ಲಿನ ಮೈದಾನದಲ್ಲಿ, ಅದೇ ಮಳೆ ನಿಂತ ಅರ್ಧ ಗಂಟೆಯ ಮೇಲೆ ಆಡಿದರೆ ಕತೆಯೇ ಬೇರೆ. ಒದ್ದೆ ಹುಲ್ಲಿನ ಮೇಲೆ ಚೆಂಡು ಜಾರಿಕೊಂಡು, ನಾವೆಣಿಸಿದ್ದಕ್ಕಿಂತ ಬೇಗ ಬರುತ್ತದೆ. ನೀರು ನಿಂತರೆ ಆಟ ನಿಧಾನ, ನೀರು ಇಳಿದುಹೋದರೆ ಆಟ ಚುರುಕು. ಮಳೆ ಎರಡೂ ಕಡೆ ಇದ್ದದ್ದೇ. ವ್ಯತ್ಯಾಸ ಮಾಡಿದ್ದು ನೆಲ.

ಇನ್ನು ಪ್ರೀಮಿಯರ್ ಲೀಗಿನ ಮೈದಾನಗಳು. ಅಲ್ಲಿ ಹುಲ್ಲಿನ ಜೊತೆ ಕೃತಕ ಎಳೆಗಳನ್ನು ಹೆಣೆದಿರುತ್ತಾರೆ. ಅಡಿಯಲ್ಲಿ ಮರಳು, ಅದರಡಿಯಲ್ಲಿ ನೀರು ಬಸಿದುಹೋಗಲು ಕೊಳವೆಗಳು. ಸಾಧಾರಣ ಮಳೆಗೆ ಅಲ್ಲಿ ನೀರು ನಿಲ್ಲುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಮಳೆಗೆ ಹೆದರುವವರು ಯಾವತ್ತೂ ಗಮನಿಸದ ಸಂಗತಿ ಒಂದಿದೆ. ಪಂದ್ಯಕ್ಕೆ ಸ್ವಲ್ಪ ಮೊದಲು, ಮತ್ತೆ ವಿರಾಮದಲ್ಲಿ, ಮೈದಾನದ ಸಿಬ್ಬಂದಿಯೇ ಸ್ಪ್ರಿಂಕ್ಲರ್ ತಿರುಗಿಸಿ ಹುಲ್ಲಿಗೆ ನೀರು ಹಾಕುತ್ತಾರೆ. ಚೆಂಡು ಬೇಗ ಓಡಲಿ ಎಂದು. ಪಾಸ್ ಆಡುವ ತಂಡಗಳು ಬಯಸುವುದೇ ಒದ್ದೆ ಹುಲ್ಲನ್ನು. ಮೈದಾನ ಒಣಗಿತ್ತು ಎಂದು ತರಬೇತುದಾರರು ದೂರುವುದನ್ನು ನೀವೂ ಕೇಳಿರುತ್ತೀರಿ. ಮಳೆ ಬಾರದಿದ್ದರೆ ಅವರೇ ಮಳೆ ತರಿಸಿಕೊಳ್ಳುತ್ತಾರೆ. ಇವನು ಇಲ್ಲಿ ಕೂತು ಮೂರು ಹನಿಯ ಚಿತ್ರ ನೋಡಿ ತನ್ನ ಅತ್ಯುತ್ತಮ ಆಟಗಾರನನ್ನು ಬೆಂಚಿಗೆ ಕಳಿಸುತ್ತಾನೆ.

ಹಾಗಾದರೆ ಮಳೆ ಪಂದ್ಯವನ್ನು ಬದಲಿಸಿದ್ದೇ ಇಲ್ಲವೇ? ಖಂಡಿತ ಬದಲಿಸಿದೆ. 1974ರ ಜುಲೈ 3ರಂದು ಫ್ರಾಂಕ್‌ಫರ್ಟ್‌ನಲ್ಲಿ ಪಶ್ಚಿಮ ಜರ್ಮನಿ ಮತ್ತು ಪೋಲೆಂಡ್ ನಡುವೆ ನಡೆದ ವಿಶ್ವಕಪ್ ಪಂದ್ಯವನ್ನು ಜರ್ಮನ್ನರು ಇಂದಿಗೂ ನೀರಿನ ಕಾಳಗ ಎಂದೇ ಕರೆಯುತ್ತಾರೆ. ಪಂದ್ಯಕ್ಕೆ ಮೊದಲು ಭಾರಿ ಮಳೆ ಸುರಿದು ಮೈದಾನ ಕೆರೆಯಾಯಿತು. ಅಗ್ನಿಶಾಮಕ ದಳದವರು ಬಂದು ಪಂಪ್ ಹಚ್ಚಿ ನೀರು ತೆಗೆದರು. ಫೈನಲ್ ತಲುಪಲು ಜರ್ಮನಿಗೆ ಡ್ರಾ ಸಾಕಿತ್ತು, ಪೋಲೆಂಡ್ ಗೆಲ್ಲಲೇಬೇಕಿತ್ತು. ಪೋಲೆಂಡಿನ ಬಲವಿದ್ದದ್ದು ಎರಡು ಅಂಚುಗಳಲ್ಲಿ ಓಡುವ ಲಾಟೋ, ಗಡೋಚಾ ಅವರ ವೇಗದಲ್ಲಿ. ಚೆಂಡು ನೀರಿನ ಗುಂಡಿಗಳಲ್ಲಿ ನಿಂತುಬಿಡುತ್ತಿದ್ದರೆ ಆ ವೇಗ ಏನು ಮಾಡೀತು? ಹಾಗಿದ್ದೂ ಪೋಲೆಂಡ್ ಚೆನ್ನಾಗಿ ಆಡಿತು, ಜರ್ಮನಿಯ ಕೀಪರ್ ಸೆಪ್ ಮಾಯರ್ ಮತ್ತೆ ಮತ್ತೆ ಚೆಂಡು ತಡೆಯಬೇಕಾಯಿತು. 76ನೇ ನಿಮಿಷದಲ್ಲಿ ಗೆರ್ಡ್ ಮುಲ್ಲರ್ ಹೊಡೆದ ಒಂದೇ ಗೋಲಿನಿಂದ ಪಂದ್ಯ ಮುಗಿಯಿತು. ಆ ದಿನ ಮಳೆ ಒಂದು ತಂಡಕ್ಕಿಂತ ಇನ್ನೊಂದಕ್ಕೆ ಹೆಚ್ಚು ನಷ್ಟ ಮಾಡಿತು ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಗೋಲು ಹೊಡೆದವನು ಯಾರು? ಸ್ಟ್ರೈಕರ್. "ಮಳೆಯಲ್ಲಿ ಸ್ಟ್ರೈಕರನ್ನು ತೆಗೆ" ಎನ್ನುವವರ ಶಾಸ್ತ್ರ ಪಾಲಿಸಿದ್ದರೆ ಅಂದು ಮೊದಲು ಹೊರಗೆ ಕೂರುತ್ತಿದ್ದವನು ಮುಲ್ಲರ್.

ಇಪ್ಪತ್ತು ವರ್ಷ ಹಿಂದೆ ಹೋಗಿ. 1954ರ ಜುಲೈ 4, ಸ್ವಿಟ್ಜರ್ಲೆಂಡಿನ ಬರ್ನ್ ನಗರ, ವಿಶ್ವಕಪ್ ಫೈನಲ್. ಅಂದೂ ಮಳೆ. ಅದೇ ಟೂರ್ನಿಯಲ್ಲಿ ಹಂಗೇರಿ ಪಶ್ಚಿಮ ಜರ್ಮನಿಯನ್ನು 8–3ರಿಂದ ಬಡಿದಿತ್ತು. ಫೈನಲ್ಲಿನಲ್ಲೂ ಮೊದಲ ಎಂಟು ನಿಮಿಷದಲ್ಲೇ 2–0 ಮುನ್ನಡೆ. ಕೊನೆಗೆ ಗೆದ್ದದ್ದು ಜರ್ಮನಿ, 3–2. ಅಂದು ಜರ್ಮನ್ನರ ಬೂಟಿಗೆ ಆಡಿ ಡಾಸ್ಲರ್ ತಯಾರಿಸಿದ, ತಿರುಗಿಸಿ ಹಾಕುವ ಮೊಳೆಗಳಿದ್ದವು. ಮಳೆ ಬಂದಾಗ ಉದ್ದನೆಯ ಮೊಳೆ ಹಾಕಿಕೊಂಡರು, ಕೆಸರಿನಲ್ಲಿ ಕಾಲು ಹಿಡಿತ ತಪ್ಪಲಿಲ್ಲ. ಅವರ ನಾಯಕ ಫ್ರಿಟ್ಜ್ ವಾಲ್ಟರ್‌ಗೆ ಯುದ್ಧಕಾಲದಲ್ಲಿ ಮಲೇರಿಯಾ ಬಂದಿತ್ತು, ಬಿಸಿಲು ಆಗುತ್ತಿರಲಿಲ್ಲ. ಮಳೆ ಬಂದರೆ ಅವನ ಆಟ ಅರಳುತ್ತಿತ್ತು. ಈಗಲೂ ಜರ್ಮನ್ನರು ಮಳೆಯ ದಿನವನ್ನು ಫ್ರಿಟ್ಜ್ ವಾಲ್ಟರ್ ಹವೆ ಎನ್ನುತ್ತಾರೆ. ಹಾಗೆಂದು ಮಳೆ ಜರ್ಮನಿಯನ್ನು ಗೆಲ್ಲಿಸಿತು ಎನ್ನಲಾಗದು. ಮಳೆಗೆ ತಯಾರಾಗಿ ಬಂದವರು ಅವರಾಗಿದ್ದರು.

ಕಾಲಲ್ಲಿ ಏನಿದೆ ಎಂಬುದು ನಮಗೆ ಇನ್ನೂ ಚೆನ್ನಾಗಿ ಅರ್ಥವಾಗಬೇಕಾದ ವಿಷಯ. ಕೊಲ್ಕತ್ತದ ಫುಟ್‌ಬಾಲ್ ಲೀಗ್ ನಡೆಯುತ್ತಿದ್ದದ್ದೇ ಮಳೆಗಾಲದಲ್ಲಿ. 1911ರಲ್ಲಿ ಐಎಫ್ಎ ಶೀಲ್ಡ್ ಗೆದ್ದ ಮೋಹನ್ ಬಾಗಾನ್ ತಂಡದಲ್ಲಿ ಬೂಟು ತೊಟ್ಟವರು ಒಬ್ಬರೇ, ಉಳಿದ ಹತ್ತು ಜನ ಬರಿಗಾಲಿನವರು. ಒಣ ನೆಲದಲ್ಲಿ ಬರಿಗಾಲಿನ ಚಾಕಚಕ್ಯತೆ ಬ್ರಿಟಿಷ್ ರೆಜಿಮೆಂಟುಗಳನ್ನು ತಬ್ಬಿಬ್ಬು ಮಾಡುತ್ತಿತ್ತು. ನೆಲ ಒದ್ದೆಯಾದರೆ ಬೂಟಿನವರ ಕೈ ಮೇಲಾಗುತ್ತಿತ್ತು. ಮೊಹಮ್ಮಡನ್ ಸ್ಪೋರ್ಟಿಂಗ್ 1934ರಿಂದ 1938ರವರೆಗೆ ಸತತ ಐದು ವರ್ಷ ಆ ಲೀಗ್ ಗೆದ್ದಿತು. ಒದ್ದೆ ಮೈದಾನಕ್ಕೆ ಬೂಟು ರೂಢಿಸಿಕೊಂಡದ್ದು ಅವರ ಗೆಲುವಿನ ಕಾರಣಗಳಲ್ಲಿ ಒಂದೆಂದು ಇತಿಹಾಸಕಾರರು ಗುರುತಿಸುತ್ತಾರೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ ಭಾರತ ಯುಗೊಸ್ಲಾವಿಯಾ ಎದುರು 10–1ರಿಂದ ಸೋತ ಮೇಲೆ ಬೂಟು ಕಡ್ಡಾಯವಾಯಿತು. ಇದನ್ನು "ಮಳೆಯಿಂದ ಸೋತೆವು", "ಚಳಿಯಿಂದ ಸೋತೆವು" ಎಂದು ಬರೆಯುವುದು ಸುಲಭ. ಹಾಗೆ ಬರೆದರೆ ಯಾರ ಕಾಲಿಗೆ ಬೂಟಿತ್ತು, ಯಾರಿಗೆ ಇರಲಿಲ್ಲ ಎಂಬ ಪ್ರಶ್ನೆಯೇ ಅಳಿಸಿಹೋಗುತ್ತದೆ.

ಈ ಮಳೆಭಯದ ಮೂಲ ಬಹುಶಃ ಬೇರೆ ಆಟದ್ದು ಎಂದು ನನ್ನ ಗುಮಾನಿ. ಫ್ಯಾಂಟಸಿ ಫುಟ್‌ಬಾಲ್ ಹುಟ್ಟಿದ್ದೇ ಅಮೆರಿಕನ್ ಫುಟ್‌ಬಾಲಿನಲ್ಲಿ. 1962ರಲ್ಲಿ ಓಕ್‌ಲೆಂಡ್ ರೈಡರ್ಸ್ ತಂಡದ ಜೊತೆ ಪ್ರವಾಸ ಹೋಗಿದ್ದ ಬಿಲ್ ವಿಂಕೆನ್‌ಬಾಕ್ ಮತ್ತು ಗೆಳೆಯರು ನ್ಯೂಯಾರ್ಕಿನ ಹೋಟೆಲಿನಲ್ಲಿ ಕೂತು ಅದರ ನಿಯಮ ಬರೆದರು. ಆ ಫುಟ್‌ಬಾಲಿನಲ್ಲಿ ಕಾಲಿಗಿಂತ ಕೈಗೆ ಕೆಲಸ ಜಾಸ್ತಿ. ಕ್ವಾರ್ಟರ್‌ಬ್ಯಾಕ್ ಎಂಬಾತ ಚೆಂಡನ್ನು ಎಸೆಯಬೇಕು, ದೂರದಲ್ಲಿ ಓಡುತ್ತಿರುವವನು ಹಿಡಿಯಬೇಕು. ಕೈ ಒದ್ದೆಯಾದರೆ ಚೆಂಡು ಜಾರುವುದು ಸಹಜ. ಹಾಗಾಗಿ ಅಲ್ಲಿ "ಮಳೆಯಲ್ಲಿ ಎಸೆಯುವವನನ್ನು ಬಿಡು, ಹೊತ್ತು ಓಡುವವನನ್ನು ಹಾಕು" ಎಂಬ ಮಾತಿಗೆ ಒಂದಿಷ್ಟು ಅರ್ಥವಿದೆ. 2019ರ ಅಕ್ಟೋಬರ್ 20ರಂದು ವಾಷಿಂಗ್ಟನ್ ತಂಡದ ಮೈದಾನದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮಳೆಯಲ್ಲೇ ಆಡಿ 9–0 ಗೆದ್ದಾಗ ಇಡೀ ಪಂದ್ಯದಲ್ಲಿ ಬಂದದ್ದು ಮೂರು ಫೀಲ್ಡ್ ಗೋಲು ಮಾತ್ರ. ಪಂದ್ಯ ಮುಗಿದ ಮೇಲೆ ಆಟಗಾರರು ಮಕ್ಕಳಂತೆ ನೀರಿನಲ್ಲಿ ಹೊಟ್ಟೆಯ ಮೇಲೆ ಜಾರಾಡಿದರು.

ಆದರೆ ಅಲ್ಲೂ ಆ ಮಾತು ಅರ್ಧ ಸತ್ಯವೇ. 2007ರ ಫೆಬ್ರವರಿ 4ರಂದು ಮಯಾಮಿಯಲ್ಲಿ ನಡೆದ ಸೂಪರ್ ಬೌಲ್ ಫೈನಲ್ ಇಡೀ ಮಳೆಯಲ್ಲಿ ನಡೆಯಿತು. ಇಂಡಿಯಾನಾಪೊಲಿಸ್‌ನ ಪೇಟನ್ ಮ್ಯಾನಿಂಗ್ 38 ಸಲ ಚೆಂಡು ಎಸೆದು 25 ಸಲ ಗುರಿ ಮುಟ್ಟಿಸಿದ, ಪಂದ್ಯದ ಶ್ರೇಷ್ಠ ಆಟಗಾರನಾದ. ದೂರದ ಎಸೆತ ಕಷ್ಟವೆಂದು ಕಂಡಾಗ ಹತ್ತಿರದಲ್ಲಿದ್ದ ಜೋಸೆಫ್ ಅಡಾಯ್‌ಗೆ ಚಿಕ್ಕ ಚಿಕ್ಕ ಪಾಸ್ ಕೊಟ್ಟ. ಅಡಾಯ್ ಒಬ್ಬನೇ ಹತ್ತು ಪಾಸ್ ಹಿಡಿದ. ಎದುರಿನ ಶಿಕಾಗೋ ತಂಡದ ರೆಕ್ಸ್ ಗ್ರಾಸ್‌ಮನ್ ಕೈಯಿಂದ ಚೆಂಡು ಜಾರಿತು, ಎಸೆದ ಚೆಂಡು ಎರಡು ಸಲ ಎದುರಾಳಿಯ ಕೈ ಸೇರಿತು. ಇಂಡಿಯಾನಾಪೊಲಿಸ್ 29–17ರಿಂದ ಗೆದ್ದಿತು. ಇಬ್ಬರ ತಲೆಯ ಮೇಲೂ ಸುರಿದದ್ದು ಅದೇ ಮಳೆ. ಅಲ್ಲಿ ನಿಜವಾಗಿ ಹೆದರಬೇಕಾದದ್ದು ಗಾಳಿಗೆ. ಒದ್ದೆ ಚೆಂಡನ್ನು ಒರೆಸಬಹುದು, ಕೈಗವಸು ತೊಡಬಹುದು. ನಲವತ್ತು ಗಜ ಆಕಾಶದಲ್ಲಿ ಹೋಗುವ ಚೆಂಡನ್ನು ಗಾಳಿ ಅತ್ತಿತ್ತ ಎಳೆದರೆ ಒರೆಸಿ ಸರಿಮಾಡುವುದೇನಿದೆ? ಫೋನಿನ ಚಿತ್ರದಲ್ಲಿ ಮಾತ್ರ ಹನಿ ದೊಡ್ಡದಾಗಿ ಕಾಣುತ್ತದೆ, ಗಾಳಿ ಮೂಲೆಯ ಚಿಕ್ಕ ಅಂಕಿ.

ನಮ್ಮ ಫುಟ್‌ಬಾಲಿನಲ್ಲೂ ಈಚಿನ ದೊಡ್ಡ ಪೆಟ್ಟು ಗಾಳಿಯಿಂದಲೇ ಬಂತು. 2024ರ ಡಿಸೆಂಬರ್ 7ರಂದು ಎವರ್ಟನ್ ಮತ್ತು ಲಿವರ್‌ಪೂಲ್ ಆಡಬೇಕಿತ್ತು. ಡಾರಾ ಬಿರುಗಾಳಿಯ ಅಪಾಯದಿಂದ ಪಂದ್ಯವನ್ನು ಬೆಳಿಗ್ಗೆಯೇ ಮುಂದೂಡಿದರು. ಮೊಹಮ್ಮದ್ ಸಲಾನನ್ನು ನಾಯಕನನ್ನಾಗಿ ಮಾಡಿ ನಿಶ್ಚಿಂತೆಯಿಂದಿದ್ದವರೆಲ್ಲ ಗಡಬಡಿಸಿ ಎದ್ದರು. ಹವಾಮಾನ ನೋಡಿ ತಂಡ ಬದಲಿಸಲು ನ್ಯಾಯವಾದ ಸಂದರ್ಭ ಅದೊಂದೇ: ಪಂದ್ಯವೇ ನಡೆಯದು ಎಂದಾದಾಗ.

ಇಷ್ಟಕ್ಕೇ ಇದ್ದಿದ್ದರೆ ಹಾಸ್ಟೆಲ್ ಹುಡುಗರ ಹರಟೆ ಎಂದು ಬಿಡುತ್ತಿದ್ದೆ. ಎರಡು ವರ್ಷದ ಹಿಂದೆ ನಮ್ಮ ವಿಭಾಗದ ಜೂನಿಯರ್ ಒಬ್ಬ ನನ್ನ ಕೋಣೆಗೆ ಬಂದು ಸಾಲ ಕೇಳಿದ. ಮೆಸ್ ಬಿಲ್ಲಿಗೆಂದು ಮನೆಯಿಂದ ಕಳಿಸಿದ್ದ ಹಣವನ್ನು ಯಾವುದೋ ಆ್ಯಪಿನ ಫುಟ್‌ಬಾಲ್ ಫ್ಯಾಂಟಸಿಗೆ ಕಟ್ಟಿ ಕಳೆದುಕೊಂಡಿದ್ದ. ವೀಡಿಯೋದವನೊಬ್ಬ ಮಳೆ ಇದೆ, ಡಿಫೆಂಡರುಗಳನ್ನು ತುಂಬಿ ಎಂದಿದ್ದನಂತೆ. "ಮಳೆ ಕೈ ಕೊಡ್ತು ಅಣ್ಣ" ಎಂದ. ಅವನಿಗೆ ಕೈ ಕೊಟ್ಟದ್ದು ಮಳೆಯಲ್ಲ. ಅವನ ಊಹೆಗೆ ಜ್ಞಾನ ಎಂದು ಹೆಸರಿಟ್ಟು ಮಾರಿದವರು. ಸೋಲಿಗೆ ತಾನು ಕಾರಣನಲ್ಲ, ಆ್ಯಪೂ ಕಾರಣವಲ್ಲ, ಮಳೆ ಕಾರಣ ಎಂದು ನಂಬಿದವನು ಮುಂದಿನ ವಾರ ಮತ್ತೆ ದುಡ್ಡು ಕಟ್ಟುತ್ತಾನೆ. ಮಳೆಯ ಮೇಲೆ ಹೊರಿಸುವ ಅಪವಾದದಿಂದ ಲಾಭ ಯಾರಿಗೆ ಎಂದು ಕೇಳಿದರೆ ಉತ್ತರ ಅಲ್ಲಿದೆ.

ಈ ವ್ಯಾಪಾರ ನಿಂತದ್ದು "ಕೌಶಲದ ಆಟ" ಎಂಬ ಎರಡು ಪದಗಳ ಮೇಲೆ. ಫ್ಯಾಂಟಸಿ ಕೌಶಲದ ಆಟ ಎಂಬ ವಾದವನ್ನು 2017ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಒಪ್ಪಿತ್ತು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಹೊರಟಿತು. 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಬದಿಗಿಟ್ಟು, ಹಣ ಕಟ್ಟುವ ಆಟಗಳನ್ನೆಲ್ಲ ನಿಷೇಧಿಸಿತು. ನಿಷೇಧ ಸರಿಯೇ ಎಂಬುದು ಬೇರೆ ಚರ್ಚೆ. ಕೌಶಲ ಎಂಬ ಪದವನ್ನು ನಾನು ಅಲ್ಲಗಳೆಯುತ್ತಲೂ ಇಲ್ಲ. ಆಟಗಾರರನ್ನು ತಿಂಗಳುಗಟ್ಟಲೆ ನೋಡಿ ತಂಡ ಕಟ್ಟುವವನಲ್ಲಿ ಕೌಶಲ ಇದೆ. ಗಡುವಿಗೆ ಹತ್ತು ನಿಮಿಷ ಮೊದಲು ಮೋಡದ ಚಿತ್ರ ನೋಡಿ ತಂಡ ಕೆಡವುವುದು ಆ ಕೌಶಲವಲ್ಲ. ಎರಡಕ್ಕೂ ಒಂದೇ ಹೆಸರು ಕೊಟ್ಟದ್ದು ಮೋಸ.

ನನ್ನ ಮಾತನ್ನೂ ಶಾಸ್ತ್ರ ಮಾಡಿಕೊಳ್ಳಬೇಡಿ. "ಮಳೆ ಬಂದರೆ ವಾರ್ಡಿಯನ್ನೇ ಹಾಕು" ಎಂದು ನಾನು ಹೇಳುತ್ತಿಲ್ಲ. ಸೌತಾಂಪ್ಟನ್ನಿನ ಒಂಬತ್ತು ಗೋಲುಗಳನ್ನು ಮಳೆ ಹೊಡೆಯಲಿಲ್ಲ. ಅವರ ರಯಾನ್ ಬರ್ಟ್ರಂಡ್ 12ನೇ ನಿಮಿಷದಲ್ಲೇ ಕೆಂಪು ಕಾರ್ಡ್ ಪಡೆದು ಹೊರಹೋದ, ಹತ್ತು ಜನರ ತಂಡ ಕುಸಿಯಿತು. ಅದನ್ನು ಯಾವ ಹವಾಮಾನ ಇಲಾಖೆಯೂ ಮೊದಲೇ ಹೇಳಲಾರದು. ಮಳೆಯಿದ್ದಾಗ ಕೇಳಬೇಕಾದ್ದು ನಾಲ್ಕು ಪ್ರಶ್ನೆ. ಪಂದ್ಯ ನಡೆಯುತ್ತದೆಯೇ? ಗಾಳಿ ಎಷ್ಟಿದೆ? ಆ ನೆಲದಲ್ಲಿ ನೀರು ನಿಲ್ಲುತ್ತದೆಯೇ? ನನ್ನ ಆಟಗಾರನ ಆಟ ಯಾವ ಬಗೆಯದು? ಮೊದಲ ಮೂರಕ್ಕೆ ಹೆದರುವ ಉತ್ತರ ಸಿಗದಿದ್ದರೆ ಫೋನ್ ಕೆಳಗಿಡಿ. ನಾಲ್ಕನೆಯದಕ್ಕೆ ಉತ್ತರ ಬೇಕಾದರೆ ಪಂದ್ಯ ನೋಡಬೇಕು, ಬೇರೆ ದಾರಿಯಿಲ್ಲ.

ಆ ರೂಮ್‌ಮೇಟ್ ಈಗ ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾನೆ. ನಮ್ಮ ಲೀಗ್ ಇನ್ನೂ ನಡೆಯುತ್ತಿದೆ. ಶನಿವಾರ ಸಂಜೆ ಅವನಿಂದ ಈಗಲೂ ಮೋಡದ ಚಿತ್ರ ಬರುತ್ತದೆ, ಕೆಳಗೆ "ಏನ್ ಮಾಡ್ಲಿ?" ಎಂಬ ಪ್ರಶ್ನೆ. "2019 ಅಕ್ಟೋಬರ್ 25" ಎಂದಷ್ಟೇ ಬರೆದು ಕಳಿಸುತ್ತೇನೆ. ಅವನು ಬಯ್ದು, ನಾಯಕನನ್ನು ಬದಲಿಸದೆ ಬಿಡುತ್ತಾನೆ. ಆಮೇಲೆ ಇಬ್ಬರೂ ಪಂದ್ಯ ನೋಡುತ್ತೇವೆ. ಮಳೆಯಲ್ಲಿ ಆಡುವ ಪಂದ್ಯ ನೋಡಲು ಚಂದ ಎಂಬುದನ್ನು ಈ ಲೆಕ್ಕಾಚಾರದ ನಡುವೆ ಅವನೂ ಮರೆತಿದ್ದ, ಸ್ವಲ್ಪ ನಾನೂ ಮರೆತಿದ್ದೆ.